ಪರದೆಯ ಪಕ್ಕ ಒಂದು ಹಣ್ಣು

ನಮ್ಮೂರಿನಲ್ಲಿ ಯಾರ ಮನೆಗೆ ಹೊಸ ಟೀವಿ ಬಂದರೂ ಮೊದಲು ಮಲ್ಸುನಕ್ಕನಿಗೆ ಹೇಳಿ ಕಳಿಸುತ್ತಾರೆ. ಅಂಗಡಿಯವನು ಬಂದು, ಗೋಡೆಗೆ ತಗುಲಿಸಿ, ರಿಮೋಟ್ ಕೈಗೆ ಕೊಟ್ಟು ಹೋದ ಮಾತ್ರಕ್ಕೆ ಕೆಲಸ ಮುಗಿಯಿತು ಎಂದು ಇಲ್ಲಿ ಯಾರೂ ಒಪ್ಪುವುದಿಲ್ಲ. ಅಕ್ಕ ಬರಬೇಕು, ಹೊಸ್ತಿಲಲ್ಲಿ ಚಪ್ಪಲಿ ಬಿಡಬೇಕು, ಪರದೆಯಿಂದ ಐದು ಹೆಜ್ಜೆ ದೂರ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಕೈ ಚಾಚಿ "ಕೊಡು" ಎನ್ನಬೇಕು. ಆಮೇಲೆಯೇ ಅದು ಟೀವಿ. ಅಲ್ಲಿಯವರೆಗೆ ಅದು ಕರೆಂಟು ತಿನ್ನುವ ಗಾಜು ಅಷ್ಟೇ ಎನ್ನುವುದು ಅವಳ ಮಾತು.

ನಾನು ಓಕ್ಬುನ್. ಅವಳಿಗಿಂತ ನಾಲ್ಕು ವರ್ಷ ಚಿಕ್ಕವಳು, ಬಾಯಲ್ಲಿ ಮಾತ್ರ ದೊಡ್ಡವಳು. ಗುಮಿ ಪಟ್ಟಣದ ಟೀವಿ ಕಾರ್ಖಾನೆಯಲ್ಲಿ ನಾವಿಬ್ಬರೂ ಒಂದೇ ಸಾಲಿನಲ್ಲಿ ನಿಂತು ದುಡಿದವರು. ಅದು ಸಾಲದೆಂದು, ಮದುವೆಯಾಗಿ ಸಂಗ್ಜು ಕಡೆಯ ಈ ಊರಿಗೆ ಬಂದವಳು "ನನ್ನ ಮೈದುನ ಒಬ್ಬ ಇದ್ದಾನೆ ಕಣೆ, ಬಂಗಾರ" ಎಂದು ನನ್ನನ್ನೂ ಎಳೆದು ತಂದಳು. ಬಂದು ನೋಡಿದರೆ ಹಿತ್ತಾಳೆ. ಇರಲಿ, ಮೂವತ್ತೇಳು ವರ್ಷ ತಿಕ್ಕಿ ತಿಕ್ಕಿ ಈಗ ಒಂದಿಷ್ಟು ಹೊಳೆಯುತ್ತಿದೆ.

ಐದು ಹೆಣ್ಣುಮಕ್ಕಳಲ್ಲಿ ಕೊನೆಯವಳು ಮಲ್ಸುನಕ್ಕ. ಹತ್ತೊಂಬತ್ತನೇ ವಯಸ್ಸಿಗೆ ಕಾರ್ಖಾನೆ ಸೇರಿದಳು. ಅವಳನ್ನು ನಿಲ್ಲಿಸಿದ್ದು ಚಿತ್ರ ನೋಡುವ ಜಾಗದಲ್ಲಿ. ಟೀವಿಗಳು ಒಂದರ ಹಿಂದೆ ಒಂದು ಉರುಳಿಕೊಂಡು ಬರುತ್ತವೆ, ಪ್ರತಿಯೊಂದರಲ್ಲೂ ಅದೇ ಹೆಂಗಸಿನ ಮುಖ. ಆ ಮುಖದ ಬಣ್ಣ ಸರಿ ಇದೆಯೋ ಇಲ್ಲವೋ ನಾಲ್ಕು ಉಸಿರಿನಲ್ಲಿ ಹೇಳಬೇಕು. ಸಾಲಿನ ಹಿರಿಯಾಕೆ ಮೊದಲ ದಿನವೇ ಅವಳ ಕೈಗವಸು ಕಳಚಿಸಿ, ಅಂಗೈಯನ್ನು ಪರದೆಯ ಪಕ್ಕಕ್ಕೆ ತಂದು ಇಟ್ಟಳಂತೆ.

"ಪರದೆ ಸುಳ್ಳು ಹೇಳುತ್ತೆ. ನಿನ್ನ ಕಣ್ಣೂ ಸುಳ್ಳು ಹೇಳುತ್ತೆ. ಕೈ ಮಾತ್ರ ನಿನ್ನದೇ ಬಣ್ಣ. ಹೊಸಬರು ಕೈ ಇಟ್ಟೇ ನೋಡ್ಬೇಕು, ತಿಳೀತಾ?"

ಐದು ವರ್ಷ ಹಾಗೆ ಕೈ ಇಟ್ಟು ನೋಡಿದಳು. ಅವಳು ಸರಿ ಎಂದದ್ದನ್ನು ಯಂತ್ರದಲ್ಲಿ ಅಳೆದರೂ ಸರಿ ಎಂದೇ ಬರುತ್ತಿತ್ತು. ಕೊನೆಗೆ ಮೇಲ್ವಿಚಾರಕ ಬಂದು, "ನಿಮಗೆ ಕೈ ಯಾತಕ್ಕೆ? ಆ ಕಣ್ಣಿಗೆ ಯಂತ್ರವೇ ಸಲಾಮು ಹೊಡೀಬೇಕು" ಎಂದು ಎಲ್ಲರೆದುರು ಹೊಗಳಿ ಒಂದು ಫಲಕ ಕೊಟ್ಟ. ಆವತ್ತಿನಿಂದ ಅಕ್ಕ ಪರದೆಯ ಪಕ್ಕ ಕೈ ಇಟ್ಟಿಲ್ಲ. ದಪ್ಪ ಡಬ್ಬದ ಟೀವಿ ಹೋಗಿ ಚಪ್ಪಟೆ ಟೀವಿ ಬಂತು, ಸಾಲು ಬದಲಾಯಿತು, ಮದುವೆಯ ಮೇಲೂ ಈ ಊರಿನಿಂದಲೇ ಕಾರ್ಖಾನೆಯ ಬಸ್ಸಿನಲ್ಲಿ ಹೋಗಿಬಂದು ಐವತ್ತೈದಕ್ಕೆ ನಿವೃತ್ತಿಯಾದಳು. ಫಲಕ ಇವತ್ತಿಗೂ ಅವಳ ಮನೆಯ ಅಕ್ಕಿಡಬ್ಬದ ಮೇಲಿದೆ.

ಇಷ್ಟು ಕಣ್ಣಿನವಳನ್ನು ಕಟ್ಟಿಕೊಂಡ ಸೊಕ್‌ತೆ ಭಾವನಿಗೆ ಹಸಿರು ಯಾವುದು ಕೆಂಪು ಯಾವುದು ಹುಟ್ಟಿನಿಂದಲೇ ತಿಳಿಯದು. ಅದೂ ಪರ್ಸಿಮನ್ ಹಣ್ಣಿನ ರೈತ! ಕಾಯಿದ್ದಾಗ ಹಸಿರು, ಹಣ್ಣಾದರೆ ಟೊಮೇಟೊ ಹಾಗೆ ಕೆಂಪು, ನಮ್ಮೂರಿನ ಅನ್ನವೇ ಆ ಹಣ್ಣು. ಕೊಯ್ದು, ಸಿಪ್ಪೆ ಹೆರೆದು, ಸೂರಿನಡಿ ದಾರಕ್ಕೆ ತೂಗುಬಿಟ್ಟು, ಚಳಿಗಾಳಿಗೆ ಎರಡು ತಿಂಗಳು ಒಣಗಿಸಿ ಮಾರುತ್ತೇವೆ. ನಲವತ್ತು ವರ್ಷದಿಂದ ಭಾವ ಉದ್ದ ಕೋಲು ಹಿಡಿದು ಮರದ ಬುಡದಲ್ಲಿ ನಿಲ್ಲುವುದು, ಕೋಲಿನ ತುದಿಯನ್ನು ಒಂದೊಂದೇ ಹಣ್ಣಿಗೆ ತಾಗಿಸಿ "ಏನೇ, ಇದು ಆಯ್ತಾ?" ಎಂದು ಕೇಳುವುದು, ಅಕ್ಕ ಪಕ್ಕದಲ್ಲಿ ನಿಂತು "ಆಯ್ತು", "ಇಲ್ಲ", "ಅಯ್ಯೋ ಅದು ಎಲೆ ಕಣ್ರೀ" ಎನ್ನುವುದು. ಅವರ ಸಂಸಾರ ನಡೆದದ್ದೇ ಹಾಗೆ.

ಟೀವಿ ಸರಿಮಾಡುವುದರಲ್ಲಿ ಅವಳಿಗೊಂದು ಕ್ರಮವಿತ್ತು. ಮೂರು ವರ್ಷದ ಹಿಂದೆ ಯೊಂಗ್‌ದೊಕ್ ಅಜ್ಜಿಯ ಮನೆಯಲ್ಲಿ ನಡೆದದ್ದನ್ನು ಹೇಳಿದರೆ ಸಾಕು. ಅಜ್ಜಿಗೆ ತೊಂಬತ್ತರ ಹತ್ತಿರ ಹತ್ತಿರ. ಯೊಂಗ್‌ದೊಕ್ ಅವಳ ತವರು, ಆದ್ದರಿಂದ ಹೆಸರೂ ಅದೇ, ನಿಜವಾದ ಹೆಸರು ಅವಳಿಗೇ ನೆನಪಿದೆಯೋ ಇಲ್ಲವೋ. ಮಕ್ಕಳು ಚಾಪೆಯಷ್ಟು ಅಗಲದ ಟೀವಿ ತಂದು ಹಾಕಿದ್ದರು. ಹಚ್ಚಿದರೆ ಕಣ್ಣು ಕುಕ್ಕುವ ಬೆಳಕು. ಹುಲ್ಲು ಪ್ಲಾಸ್ಟಿಕ್ಕಿನ ಹಸಿರು, ತುಟಿಗಳೆಲ್ಲ ಮೆಣಸಿನಪುಡಿ ಮೆತ್ತಿದ ಹಾಗೆ.

"ಇದು ಅಂಗಡಿ ವೇಷ, ಅಜ್ಜಿ," ಎಂದಳು ಅಕ್ಕ. "ಅಂಗಡೀಲಿ ನೂರು ಟೀವಿ ಸಾಲಾಗಿ ಇಟ್ಟಿರ್ತಾರೆ. ಗಿರಾಕಿ ನನ್ನನ್ನೇ ನೋಡ್ಲಿ ಅಂತ ಎಲ್ಲವೂ ಕಿರುಚ್ತಾ ಇರ್ತವೆ. ಮನೆಗೆ ಬಂದ್ಮೇಲೂ ಕಿರುಚ್ತಿದ್ರೆ ಹೇಗೆ? ಸೊಸೆ ಮದುವೆ ಬಟ್ಟೆಯಲ್ಲೇ ಪಾತ್ರೆ ತೊಳೀತಾಳಾ?"

"ನಂಗೆ ಚೆನ್ನಾಗೇ ಕಾಣ್ತಿದೆಯಲ್ಲೇ."

"ಹಬ್ಬದೂಟ ದಿನಾ ತಿಂದ್ರೆ ಹೊಟ್ಟೆ ಕೆಡುತ್ತೆ. ಸುಮ್ನಿರಿ."

ಮೊದಲು ಅಂಗಡಿ ವೇಷ ಕಳಚಿ ಸಿನಿಮಾ ನೋಡುವ ಬಗೆಗೆ ತಂದಳು. ಆಮೇಲೆ ರಾಜರ ಕಾಲದ ಧಾರಾವಾಹಿ ಹಾಕಿಸಿದಳು. ಅದರಲ್ಲಿ ಗಂಡಸರು ತೊಡುವ ಕುದುರೆಕೂದಲಿನ ಕರಿ ಟೊಪ್ಪಿಗೆ ಇರುತ್ತದಲ್ಲ, ಅದರ ಎಳೆ ಎಳೆ ಕಾಣುವ ತನಕ ಬ್ರೈಟ್‌ನೆಸ್ ಏರಿಸಿದಳು. ಎಳೆ ಕಾಣದೆ ಬರೀ ಕರಿ ಮುದ್ದೆಯಾದರೆ ಕತ್ತಲು ಹೆಚ್ಚು, ಬೂದಿ ಬಡಿದರೆ ಬೆಳಕು ಹೆಚ್ಚು. ಬಿಳಿ ಬಟ್ಟೆಯ ಹೆಂಗಸು ಬಂದಾಗ ಬಟ್ಟೆಯ ಮಡಿಕೆಗಳು ಉಳಿಯುವ ತನಕ ಕಾಂಟ್ರಾಸ್ಟ್ ಇಳಿಸಿದಳು. ಮುಖದ ಅಂಚಿಗೆ ಸುಣ್ಣದ ಗೆರೆ ಎಳೆದಂತೆ ಕಾಣುತ್ತಿದ್ದದ್ದು ಶಾರ್ಪ್‌ನೆಸ್ ತಗ್ಗಿಸಿದ ಮೇಲೆ ಹೋಯಿತು. ಪಾತ್ರಗಳೆಲ್ಲ ಎಣ್ಣೆ ಹಚ್ಚಿದಂತೆ ಜಾರಿಕೊಂಡು ಓಡಾಡುತ್ತಿದ್ದವು, ಅದಕ್ಕೂ ಒಂದು ಗುಂಡಿ ಇತ್ತು, ಆರಿಸಿದಳು. ಕೊನೆಗೆ ಬಣ್ಣದ ಕಾವು. ತಂಪು, ನಡು, ಬೆಚ್ಚಗೆ ಎಂದು ಮೂರು ಇರುತ್ತವೆ, ಅವುಗಳ ನಡುವೆ ಸಣ್ಣ ಸಣ್ಣ ಮೆಟ್ಟಿಲುಗಳು. ತಂಪಿಗೆ ಹೋದರೆ ಬಿಳಿಯೆಲ್ಲ ನೀಲಿಗೆ ವಾಲುತ್ತದೆ, ಬೆಚ್ಚಗೆ ಹೋದರೆ ಹಳದಿಗೆ. ಅಲ್ಲಿ ಮಾತ್ರ ಅಕ್ಕ ಯಾವ ಟೊಪ್ಪಿಗೆಯನ್ನೂ ಯಾವ ಬಟ್ಟೆಯನ್ನೂ ನೋಡುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು, "ಇಷ್ಟು" ಎನ್ನುತ್ತಿದ್ದಳು. ಮುಗಿಯಿತು, ಅದು ಹೈಕೋರ್ಟಿನ ತೀರ್ಪು.

ಕೂಲಿ ಎಂದರೆ ಒಂದು ಹೊತ್ತಿನ ಊಟ, ಇಲ್ಲವೇ ಸಾರಿಗೆ ಹಾಕುವ ಹುದುಗಿಸಿದ ಸೋಯಾಕಾಳಿನ ಗೊಜ್ಜು ಒಂದು ಬೋಗುಣಿ. ಹೊಸ ವರ್ಷದ ಹಬ್ಬಕ್ಕೆ ಮುಂಚೆ, ಸುಗ್ಗಿ ಹಬ್ಬಕ್ಕೆ ಮುಂಚೆ, ಊರಿನ ಇಪ್ಪತ್ತೆರಡು ಮನೆಗೂ ಒಂದು ಸುತ್ತು ಬಂದು ಎಲ್ಲ ಟೀವಿಗಳನ್ನೂ ಒಮ್ಮೆ ನೋಡಿ ಹೋಗುತ್ತಿದ್ದಳು. ಹೊರಗಿನಿಂದ ಬಂದ ಮಕ್ಕಳು "ನಮ್ಮ ಮನೇಲಿ ಇಷ್ಟು ಚೆನ್ನಾಗಿ ಕಾಣಲ್ಲ" ಎಂದರೆ ಆ ವರ್ಷವಿಡೀ ಅಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಈಚೆಗೆ ಎರಡು ವರ್ಷದಿಂದ ಆ ಸುತ್ತಿನಲ್ಲಿ ಒಂದು ಸಣ್ಣ ವ್ಯತ್ಯಾಸ ಸೇರಿಕೊಂಡಿತ್ತು. ಯಾರ ಮನೆಗೆ ಹೋದರೂ ಅಕ್ಕ "ಇದ್ಯಾಕೆ ಹಳದಿ ಹೊಡೀತಿದೆ, ಟೀವಿಗೆ ವಯಸ್ಸಾಯ್ತು" ಎನ್ನುವುದು, ಬಣ್ಣವನ್ನು ತಂಪಿನ ಕಡೆ ಒಂದು ಮೆಟ್ಟಿಲು ತಳ್ಳುವುದು. ಮುಂದಿನ ಹಬ್ಬಕ್ಕೆ ಇನ್ನೊಂದು ಮೆಟ್ಟಿಲು. ನಾವು ತಲೆಯಾಡಿಸಿದೆವು. ಧಾರಾವಾಹಿಯ ಹುಡುಗಿಯರು ಬಿಳಿಚಿಕೊಂಡರು. ಪೌಡರು ಜಾಸ್ತಿಯಾಯಿತು ಎಂದುಕೊಂಡೆವು. "ಈಗಿನ ಹುಡುಗೀರಿಗೆ ಮೈಯಲ್ಲಿ ರಕ್ತಾನೇ ಇಲ್ಲ, ಊಟ ಮಾಡಿದ್ರೆ ತಾನೇ" ಎಂದು ಯೊಂಗ್‌ದೊಕ್ ಅಜ್ಜಿ ಬೈದಳು. ಅಕ್ಕ ಸಮುದಾಯ ಭವನದ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಒಂದು ಕಾಲಿಗೆ ಕರಿ ಕಾಲುಚೀಲ, ಇನ್ನೊಂದಕ್ಕೆ ಕಡುನೀಲಿ. ಒಂದು ಸಲವಲ್ಲ, ವಾರಕ್ಕೆ ಮೂರು ಸಲ. ಅದಕ್ಕೂ ನಕ್ಕೆವು. ನಾನೇ ಎಲ್ಲರಿಗಿಂತ ಜೋರಾಗಿ ನಕ್ಕವಳು, ಈಗ ನೆನೆದರೆ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಈ ಜನವರಿಯಲ್ಲಿ ನಮ್ಮ ಊರ ಮುಖ್ಯಸ್ಥ ದೊಕ್ಗಿ ಒಂದು ಸಾಹಸ ಮಾಡಿದ. ಟೀವಿಯಲ್ಲಿ ವಸ್ತು ತೋರಿಸಿ ಫೋನಿನಲ್ಲೇ ಮಾರುವ ಚಾನೆಲ್ ಒಂದನ್ನು ಹಿಡಿದು, ಹಬ್ಬದ ಉಡುಗೊರೆ ಪೆಟ್ಟಿಗೆಗಳೆಂದು ಊರಿನ ಅಷ್ಟೂ ಒಣಹಣ್ಣನ್ನು ಅವರ ಗೋದಾಮಿಗೆ ಸಾಗಿಸಿದ. ಎರಡು ದಿನ, ಬೆಳಿಗ್ಗೆ ಹನ್ನೊಂದಕ್ಕೆ ಪ್ರಸಾರ. ಇಡೀ ಊರಿನ ವರ್ಷದ ದುಡಿಮೆ ಅದು. ಮೊದಲ ದಿನ ಎಲ್ಲರೂ ಭವನದಲ್ಲಿ ಸೇರಿದೆವು. ಕೆಳಗಿನಿಂದ ಕಾಯಿಸಿ ಬೆಚ್ಚಗಾದ ನೆಲ, ಒಲೆಯ ಮೇಲೆ ಮೀನಿನ ಸಾರು, ಅಜ್ಜಿಯರು ಇಸ್ಪೀಟು ಬದಿಗಿಟ್ಟು ಕನ್ನಡಕ ಏರಿಸಿದರು. ಅಕ್ಕ ಬೆಳಿಗ್ಗೆಯೇ ಬಂದು ಭವನದ ಟೀವಿಗೆ ಇನ್ನೊಂದು ಮೆಟ್ಟಿಲು ತಂಪು ಹಾಕಿ ಸಿದ್ಧಮಾಡಿದ್ದಳು.

ಹನ್ನೊಂದಾಯಿತು. ಪರದೆಯ ತುಂಬ ನಮ್ಮ ಹಣ್ಣು ಬಂತು.

ನಟಿಯರ ಕೆನ್ನೆ ನಮಗೆ ಗೊತ್ತಿಲ್ಲದಿರಬಹುದು. ಆ ಹಣ್ಣು ನಮಗೆ ಗೊತ್ತು. ಎರಡು ತಿಂಗಳು ಬೆಳಿಗ್ಗೆ ಸಂಜೆ ಮುಟ್ಟಿ ನೋಡಿದ್ದೇವೆ. ಜೇನಿನ ಹಾಗೆ ಕೆಂಪಗಿರಬೇಕಾದದ್ದು ಬಾಡಿದ ಬದನೆಕಾಯಿಯ ಹಾಗೆ ಕಪ್ಪಿಟ್ಟು ಕೂತಿತ್ತು. ನಗುತ್ತಾ ಅದನ್ನು ಕಚ್ಚುತ್ತಿದ್ದ ಹೆಂಗಸಿನ ಹಲ್ಲು ನೀಲಿ.

"ಅಯ್ಯಯ್ಯೋ! ನಮ್ಮ ಹಣ್ಣಿಗೆ ಏನು ಮಾಡಿಬಿಟ್ರು ಈ ಹಾಳಾದೋರು!" ಎಂದು ಅಜ್ಜಿ ಎದೆ ಬಡಿದುಕೊಂಡಳು.

ದೊಕ್ಗಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಲ್ಲೇ ಚಾನೆಲ್‌ಗೆ ಫೋನು ಹಚ್ಚಿದ. ಆ ಕಡೆಯ ಹುಡುಗಿ "ಬಣ್ಣ ತುಂಬ ಚೆನ್ನಾಗಿ ಬರ್ತಿದೆ ಸಾರ್" ಎಂದದ್ದು ನಮಗೆಲ್ಲ ಕೇಳಿಸಿತು.

"ಚೆನ್ನಾಗಿ? ನಿಮ್ಗೆ ಕಣ್ಣಿದೆಯಾ ಅಥವಾ ಗುಂಡಿ ಹೊಲಿದಿದ್ದೀರಾ? ತಾಳಿ, ನಮ್ಮೂರಲ್ಲಿ ಮೂವತ್ತಾರು ವರ್ಷ ಟೀವಿ ಪಾಸು ಮಾಡಿದವರೇ ಇದ್ದಾರೆ. ಅತ್ತಿಗೆ, ನೀವೇ ಹೇಳಿ ಇವಳಿಗೆ!"

ಮಲ್ಸುನಕ್ಕ ಫೋನು ತೆಗೆದುಕೊಂಡಳು, ಬೆನ್ನು ನೆಟ್ಟಗೆ ಮಾಡಿದಳು. "ನೋಡಮ್ಮ, ನಿಮ್ಮ ಕ್ಯಾಮೆರಾದ ಬಿಳಿಯೇ ತಪ್ಪಿದೆ. ನಮ್ಮ ಟೀವಿ ನಾನೇ ಕೂತು ಸರಿಮಾಡಿದ್ದು. ಅದರಲ್ಲಿ ತಪ್ಪಿರೋಕೆ ಸಾಧ್ಯಾನೇ ಇಲ್ಲ" ಎಂದಳು.

ಅವಳ ಮಾತೇ ಸಾಕಾಯಿತು. ನಾಳೆ ಬೆಳಿಗ್ಗೆ ಹತ್ತಕ್ಕೆ ಲಾರಿ ಹೊರಡುವುದು, ಗೋದಾಮಿನಿಂದ ಹಣ್ಣನ್ನೆಲ್ಲ ವಾಪಸು ತರುವುದು, ಎರಡನೇ ದಿನದ ಪ್ರಸಾರ ಬೇಡವೇ ಬೇಡ ಎಂದು ಅಲ್ಲೇ ತೀರ್ಮಾನವಾಯಿತು.

ನಾನು ಸಾರು ಇಳಿಸಲು ಅಡುಗೆಮನೆಗೆ ಹೋದವಳು, ಡೇಗುವಿನಲ್ಲಿರುವ ತಂಗಿ ಕಳಿಸಿದ ಸಂದೇಶ ನೋಡಿದೆ. "ಅಕ್ಕಾ, ನಿಮ್ಮೂರ ಹಣ್ಣು ಬಂತಲ್ಲ! ನೋಡಿದ್ರೆ ಬಾಯಲ್ಲಿ ನೀರು ಬರುತ್ತೆ" ಎಂದು ತನ್ನ ಮನೆಯ ಟೀವಿಯ ಫೋಟೋ ಕಳಿಸಿದ್ದಳು. ಫೋಟೋದಲ್ಲಿ ಹಣ್ಣು ದೀಪದಂತೆ ಕೆಂಪಗಿತ್ತು. ನಾನು ಅಡುಗೆಮನೆಯ ಬಾಗಿಲಿಂದ ಭವನದ ಟೀವಿ ನೋಡಿದೆ, ಫೋನು ನೋಡಿದೆ, ನೆಲದ ಮೇಲೆ ಕಾಲು ಚಾಚಿ ಕೂತಿದ್ದ ಅಕ್ಕನ ಒಂದು ಕರಿ, ಒಂದು ನೀಲಿ ಕಾಲುಚೀಲ ನೋಡಿದೆ. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಇದಕ್ಕೇ ಇರಬೇಕು. ಹೇಳಿದರೆ ಅಕ್ಕನ ಮಾನ ಹೋಗುತ್ತದೆ. ಆ ಕಣ್ಣೊಂದನ್ನು ಬಿಟ್ಟು ಅವಳು ಬೇರೆ ಯಾವುದಕ್ಕೂ ಹೆಮ್ಮೆ ಪಟ್ಟವಳಲ್ಲ. ಹೇಳದಿದ್ದರೆ ಊರಿನ ಹಣ್ಣು ಹಬ್ಬ ಕಳೆದ ಮೇಲೆ ಮನೆಮನೆಯಲ್ಲಿ ಕೊಳೆಯುತ್ತದೆ. ಸಂಜೆಯವರೆಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಓಡಾಡಿ, ಕೊನೆಗೆ ಎರಡು ಒಣಹಣ್ಣು ಜೇಬಿಗೆ ಹಾಕಿಕೊಂಡು ಅವಳ ಮನೆಗೆ ಹೋದೆ.

ಸೊಕ್‌ತೆ ಭಾವ ಮೂಲೆಯಲ್ಲಿ ಕೂತು ಚೆಸ್ಟ್‌ನಟ್ ಸುಲಿಯುತ್ತಿದ್ದರು. ಅಕ್ಕ ಸಂಜೆಯ ವಾರ್ತೆ ನೋಡುತ್ತಿದ್ದಳು. ನಾನು ಫೋನು ಮುಂದೆ ಹಿಡಿದೆ.

"ಅಕ್ಕಾ, ಇದು ಡೇಗುವಿನಲ್ಲಿ ಕಂಡ ಹಣ್ಣು."

ಅವಳು ಒಂದು ಕ್ಷಣ ನೋಡಿ ಫೋನು ತಳ್ಳಿದಳು. "ನಂಗೇನೋ ಅದೂ ಹಳದಿಯೇ ಕಾಣ್ತಿದೆ. ಫೋನು ನೋಡಿ ನಂಗೆ ಬಣ್ಣ ಹೇಳ್ಕೊಡೋಕೆ ಬಂದ್ಯಾ? ನೀನು? ಸಾಲಿನ ಕೊನೇಲಿ ನಿಂತು ರಿಮೋಟ್ ಪ್ಯಾಕ್ ಮಾಡ್ತಿದ್ದೋಳು?"

"ಹೌದು, ನಾನೇ. ಕಾಲು ನೋಡ್ಕೋ ಅಕ್ಕ."

"ಏನಾಗಿದೆ ಕಾಲಿಗೆ?"

"ಒಂದು ಕರಿ, ಒಂದು ನೀಲಿ."

ಅವಳು ಕಾಲು ನೋಡಿಕೊಂಡಳು. ತುಂಬ ಹೊತ್ತು ನೋಡಿದಳು. ಅವಳಿಗೆ ಎರಡೂ ಒಂದೇ ಎಂದು ನನಗೆ ಅಲ್ಲಿಯೇ ಗೊತ್ತಾಯಿತು. ನಾನು ಎದ್ದು ಹೋಗಿ ಜೇಬಿನ ಹಣ್ಣನ್ನು ಪರದೆಗೆ ಒತ್ತಿ ಹಿಡಿದೆ. ವಾರ್ತೆಯಲ್ಲಿ ಹೋಲಿಸಲು ಹಣ್ಣೆಲ್ಲಿ ಬರಬೇಕು, ಅದನ್ನು ಬಿಟ್ಟು ಓದುತ್ತಿದ್ದವನ ಕೆನ್ನೆಯ ಪಕ್ಕ ನನ್ನ ಅಂಗೈಯನ್ನೇ ಇಟ್ಟೆ. "ಇವನ ಮುಖ ನೋಡು, ನನ್ನ ಕೈ ನೋಡು. ಕಣ್ಣು ಏನು ಹೇಳುತ್ತೆ ಬೇಡ, ಎರಡೂ ಒಂದೇ ಥರ ಇದೆಯಾ, ಅಷ್ಟು ಹೇಳು" ಎಂದೆ.

ಅಕ್ಕ ಎದ್ದು ಬಂದಳು. ನನ್ನ ಕೈ, ಅವನ ಕೆನ್ನೆ, ನನ್ನ ಕೈ. ಪಕ್ಕಪಕ್ಕ ಇಟ್ಟರೆ ಯಾವ ಕಣ್ಣಿಗೂ ವ್ಯತ್ಯಾಸ ಗೊತ್ತಾಗುತ್ತದಲ್ಲ.

"ಹೆಣದ ಮುಖ ಇದ್ದಂಗಿದೆ," ಎಂದಳು. "ಎಲ್ಲರ ಮನೇಲೂ ಹೀಗೇ ಮಾಡಿಟ್ಟಿದ್ದೀನಾ?"

ನಾನು ಹಣ್ಣನ್ನು ಮತ್ತೆ ಜೇಬಿಗೆ ಹಾಕಿಕೊಂಡೆ.

"ಆ ಹುಡುಗಿಗೆ ಫೋನಲ್ಲಿ ಬೈದೆ. ಎಲ್ಲರ ಎದುರು. ಹೋಗು ಓಕ್ಬುನ್" ಎಂದಳು.

ಹೊರಗೆ ಬಂದು ಹೊಸ್ತಿಲಲ್ಲಿ ಕೂತು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅತ್ತುಬಿಟ್ಟೆ. ಕೈಯಾರೆ ಅವಳ ಕಣ್ಣು ಕಿತ್ತಂತೆ ಅನ್ನಿಸಿತು. ಒಳಗೆ ಭಾವ ಅಕ್ಕನಿಗೆ ಹೇಳುತ್ತಿದ್ದದ್ದು ಕೇಳಿಸಿತು. ದಿನಕ್ಕೆ ಹತ್ತು ಮಾತಾಡದ ಮನುಷ್ಯ.

"ಯಾಕೆ ಅಳ್ತೀಯ? ನಲವತ್ತು ವರ್ಷದಿಂದ ನಂಗೆ ಒಂದು ಹಣ್ಣಿನ ಬಣ್ಣಾನೂ ಗೊತ್ತಾಗಿಲ್ಲ. ತೋಟ ಏನು ಹಾಳಾಯ್ತಾ? ನಿನ್ನ ಕೇಳ್ದೆ, ಕಿತ್ತೆ. ಈಗ ನೀನು ಕೇಳು."

"ಯಾರನ್ನ ಕೇಳ್ಲಿ? ನಿಮ್ಮನ್ನಾ?"

"ನನ್ನ ಕೇಳಿದ್ರೆ ಊರು ಮುಳುಗುತ್ತೆ. ಹಣ್ಣನ್ನೇ ಕೇಳು."

ಮಾರನೇ ಬೆಳಿಗ್ಗೆ ಹತ್ತಕ್ಕೆ ಭವನದ ಮುಂದೆ ಲಾರಿ ಗುರುಗುಟ್ಟುತ್ತಿತ್ತು. ದೊಕ್ಗಿ ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದ. ರಸ್ತೆಯ ತಿರುವಿನಿಂದ ಅಕ್ಕ ಬಂದಳು. ಒಂದು ಕೈಯಲ್ಲಿ ಒಣಹಣ್ಣಿನ ತಟ್ಟೆ, ಇನ್ನೊಂದರಲ್ಲಿ ಬಾಗಿಲಿಗೆ ಗಾಜಿನ ಬದಲು ಅಂಟಿಸುವ ಬಿಳಿ ಕಾಗದದ ಸುರುಳಿ. ಕಾಲಿಗೆ ಎರಡೂ ಬಿಳಿ ಚೀಲ.

"ದೊಕ್ಗಿ, ಇಳಿ. ಇಂಜಿನ್ ಆರಿಸು."

"ಅತ್ತಿಗೆ, ಹೊತ್ತಾಗುತ್ತೆ, ಗೋದಾಮು..."

"ಹನ್ನೊಂದೂ ಕಾಲಿನವರೆಗೆ ಟೈಮ್ ಕೊಡು. ಆಮೇಲೂ ಹೋಗ್ಬೇಕು ಅನ್ಸಿದ್ರೆ ನಾನೇ ಲಾರಿ ತಳ್ತೀನಿ."

ಒಳಗೆ ಬಂದು, ಎಲ್ಲರೂ ಕೂತಿರುವಾಗ, ಟೀವಿಯ ಮುಂದೆ ನಿಂತಳು.

"ನನ್ನ ಕಣ್ಣು ಕೆಟ್ಟಿದೆ. ಎರಡು ವರ್ಷ ಆಗಿರ್ಬೇಕು. ಎಲ್ಲ ಹಳದಿ ಕಾಣುತ್ತೆ ಅಂತ ನಿಮ್ಮೆಲ್ಲರ ಟೀವಿಗೂ ನೀಲಿ ತುಂಬಿಸಿಬಿಟ್ಟೆ. ಹಣ್ಣು ಚೆನ್ನಾಗಿದೆ. ಚಾನೆಲ್ಲೂ ಚೆನ್ನಾಗಿದೆ. ತಪ್ಪು ನನ್ನದು."

ಯೊಂಗ್‌ದೊಕ್ ಅಜ್ಜಿಯೇ ಮೊದಲು ಬಾಯಿ ತೆರೆದಳು. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತ ನಮ್ಮಜ್ಜಿ ಹೇಳ್ತಿದ್ಲು. ಅದಕ್ಕೇನೀಗ? ನಂಗೆ ಕಿವಿ ಹೋಗಿ ಇಪ್ಪತ್ತು ವರ್ಷ ಆಯ್ತು, ನಾನೇನು ಊರೆಲ್ಲ ಸಾರಿದ್ನಾ?"

"ನೀವು ಸಾರೋದೇ ಬೇಕಾಗಿಲ್ಲ ಅಜ್ಜಿ, ಟೀವಿಯ ಸದ್ದು ಪಕ್ಕದೂರಿಗೆ ಕೇಳುತ್ತೆ," ಎಂದೆ ನಾನು. ಯಾರೋ ಕಿಸಕ್ಕೆಂದರು, ಭವನಕ್ಕೆ ಉಸಿರು ಬಂತು.

ಅಕ್ಕ ಕೂರಲಿಲ್ಲ. ಪರದೆಯ ಹತ್ತಿರವೇ ನಿಂತಳು. ಬಿಳಿ ಕಾಗದವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಪರದೆಯ ಅಂಚಿಗೆ ಹಿಡಿಯಲು ನನಗೆ ಹೇಳಿ, ಯಾವುದೋ ಜಾಹೀರಾತಿನ ಬಿಳಿ ಗೋಡೆ ಬಂದಾಗ ರಿಮೋಟ್ ಒತ್ತಿದಳು. ತಂಪಿನಿಂದ ನಡುವಿಗೆ, ನಡುವಿನಿಂದ ಬೆಚ್ಚಗಿನ ಕಡೆಗೆ. ಎರಡು ವರ್ಷದಲ್ಲಿ ತಾನೇ ಏರಿಸಿದ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದಳು.

"ಈಗ ನಂಗೆ ಎರಡೂ ಹಳದಿ. ಆದ್ರೆ ಒಂದೇ ಹಳದಿ," ಎಂದಳು. "ನಿಂಗೆ?"

"ಎರಡೂ ಬಿಳಿ. ಒಂದೇ ಬಿಳಿ," ಎಂದೆ.

ಹನ್ನೊಂದಕ್ಕೆ ನಮ್ಮ ಹಣ್ಣು ಬಂತು. ಅಕ್ಕ ತಟ್ಟೆಯಿಂದ ಒಂದನ್ನು ಎತ್ತಿ ಪರದೆಯ ಮೇಲಿನ ಹಣ್ಣಿನ ಪಕ್ಕ ಹಿಡಿದಳು. ಎರಡು ಸಲ ಗುಂಡಿ ಒತ್ತಿದಳು, ಒಂದು ಸಲ ಹಿಂದಕ್ಕೆ. ಆಮೇಲೆ ಕೈ ತೆಗೆದು ಪಕ್ಕಕ್ಕೆ ಸರಿದಳು.

ಪರದೆಯಲ್ಲಿ ಜೇನುಬಣ್ಣದ ಹಣ್ಣು ಎರಡು ಹೋಳಾಯಿತು. ಒಳಗಿನ ತಿರುಳು ಬೆಲ್ಲದ ಪಾಕದಂತೆ ಮಿನುಗಿತು. ದೊಕ್ಗಿ ಎದ್ದು ಹೋಗಿ ತಟ್ಟೆಯ ಹಣ್ಣೊಂದನ್ನು ಪರದೆಗೆ ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡಿದ. ಆಮೇಲೆ ಆ ಹಣ್ಣನ್ನು ಬಾಯಿಗೆ ಹಾಕಿಕೊಂಡ. ಅಗಿಯುತ್ತಾ ಅಗಿಯುತ್ತಾ ಅವನ ಮುಖ ನಿಧಾನವಾಗಿ ಬಾಡಿತು.

"ನಿನ್ನೆ ಆ ಹುಡುಗಿಗೆ ಗುಂಡಿ ಹೊಲಿದಿದ್ದೀರಾ ಅಂದೆ ಅಲ್ವಾ ನಾನು?"

"ಅಂದ್ರಿ," ಎಂದೆವು ಎಲ್ಲರೂ ಒಟ್ಟಿಗೆ.

"ಕೊಡು ಫೋನು," ಎಂದಳು ಅಕ್ಕ. "ಮೊದ್ಲು ನಾನು ಕೇಳ್ತೀನಿ ಕ್ಷಮೆ." ಕೇಳಿದಳು, ಕಾಣದ ಹುಡುಗಿಗೆ ಸೊಂಟ ಬಗ್ಗಿಸಿ ಬಗ್ಗಿಸಿ ಕೇಳಿದಳು. ಹನ್ನೊಂದು ಇಪ್ಪತ್ತಕ್ಕೇ ಪೆಟ್ಟಿಗೆಗಳೆಲ್ಲ ಮುಗಿದವೆಂದು ಪರದೆಯ ಮೇಲೆ ಬರೆದು ಬಂತು. ಮಧ್ಯಾಹ್ನ ಊರಿನ ಧ್ವನಿವರ್ಧಕದಲ್ಲಿ ದೊಕ್ಗಿಯ ಗಂಟಲು ಕೇಳಿಸಿತು: "ಆ, ಆ, ಕೇಳಿಸ್ತಿದೆಯಾ? ಇವತ್ತಿನಿಂದ ಮಲ್ಸುನ್ ಅತ್ತಿಗೆ ಮತ್ತೆ ಎಲ್ಲರ ಮನೆಗೂ ಬರ್ತಾರೆ. ಪ್ರತಿ ಮನೆಯವರೂ ಒಂದು ಒಳ್ಳೆ ಒಣಹಣ್ಣು ಸಿದ್ಧವಾಗಿಡಿ. ತಿನ್ನೋಕಲ್ಲ, ಟೀವಿಗೆ."

ಇಪ್ಪತ್ತೆರಡು ಮನೆಗೂ ಹೋದೆವು. ಅವಳು ರಿಮೋಟ್, ನಾನು ಹಣ್ಣು ಮತ್ತು ಕಾಗದ. ಪ್ರತಿ ಮನೆಯಲ್ಲೂ ಅದೇ ಮಾತು ಹೇಳಿದಳು, "ನನ್ನ ಕಣ್ಣು ಕೆಟ್ಟಿತ್ತು, ಸರಿಮಾಡೋಕೆ ಬಂದೆ." ಮೊದಲ ಮೂರು ಮನೆಯಲ್ಲಿ ತಲೆ ತಗ್ಗಿಸಿ ಹೇಳಿದಳು. ಹತ್ತನೇ ಮನೆ ಬರುವಷ್ಟರಲ್ಲಿ ಊಟಕ್ಕೆ ಏನಿದೆ ಎಂದು ಕೇಳುತ್ತಿದ್ದಳು.

ಹಬ್ಬ ಕಳೆದ ಮೇಲೆ ಡೇಗುವಿನ ಆಸ್ಪತ್ರೆಯಲ್ಲಿ, ಎಲ್ಲವನ್ನೂ ಹಳದಿ ಮಾಡಿದ್ದ ಕಣ್ಣಿನ ಪೊರೆ ತೆಗೆಸಿದೆವು. ಒಂದು ಕಣ್ಣು, ಹದಿನೈದು ದಿನ ಬಿಟ್ಟು ಇನ್ನೊಂದು. ಮಾರ್ಚಿನಲ್ಲಿ ಊರಿಗೆ ಬಂದಳು. ಭವನದಲ್ಲಿ ಎಲ್ಲರೂ ಕಾಯುತ್ತಿದ್ದರು. ಬಾಗಿಲಲ್ಲಿ ನಿಂತವಳು ಮೊದಲು ನನ್ನನ್ನೇ ನೋಡಿ ಬಾಯಿ ತೆರೆದಳು.

"ಅಯ್ಯೋ ಓಕ್ಬುನ್, ಮುಖದಲ್ಲಿ ಇಷ್ಟೊಂದು ಮಚ್ಚೆ ಯಾವಾಗ ಬಂದ್ವೇ? ನೀನು ಮುದುಕಿಯಾಗಿದ್ದೀಯಲ್ಲೇ!"

"ನಿಂಗೆ ಕಣ್ಣು ಬರಲೇಬಾರದಿತ್ತು," ಎಂದೆ.

ದೊಕ್ಗಿ ಎರಡೂ ಕೈಯಲ್ಲಿ ರಿಮೋಟ್ ಹಿಡಿದು, ಹಿರಿಯರಿಗೆ ಮದ್ಯ ಬಡಿಸುವಷ್ಟು ವಿನಯದಿಂದ ಅವಳ ಮುಂದೆ ಚಾಚಿದ. "ಅತ್ತಿಗೆ, ಈಗ ಹೊಸ ಕಣ್ಣು. ಒಮ್ಮೆ ನೋಡಿ ಹೇಳಿಬಿಡಿ."

ಐದು ಹೆಜ್ಜೆ ದೂರದಲ್ಲಿ, ಅವಳು ಯಾವತ್ತೂ ಕೂರುವ ಜಾಗದಲ್ಲಿ, ಅಜ್ಜಿ ದಿಂಬು ಹಾಕಿಟ್ಟಿದ್ದಳು. ಅಕ್ಕ ಅಲ್ಲಿ ಕೂರಲಿಲ್ಲ. ದಿಂಬು ದಾಟಿ ನೇರ ಪರದೆಯ ಬಳಿಗೆ ಹೋದಳು, ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿದಳು, ವಾರ್ತೆ ಓದುತ್ತಿದ್ದ ಹೆಂಗಸಿನ ಕೆನ್ನೆಯ ಪಕ್ಕ ತನ್ನ ಅಂಗೈ ಇಟ್ಟಳು.

"ಅಕ್ಕಾ, ಕಣ್ಣು ಸರಿಹೋಗಿದೆಯಲ್ಲ, ಇನ್ನು ಕೈ ಯಾಕೆ?" ಎಂದೆ.

ಅವಳು ತಿರುಗಿ ನೋಡಲಿಲ್ಲ. ಕೈಯನ್ನು ಒಂದು ಕಡೆ ಹೊರಳಿಸಿ, ಇನ್ನೊಂದು ಕಡೆ ಹೊರಳಿಸಿ, ನಿಧಾನವಾಗಿ ನೋಡುತ್ತಿದ್ದಳು.

"ಹೊಸ ಕಣ್ಣು ಅಂತ ಈಗ ತಾನೇ ಅಂದ್ರಲ್ಲ," ಎಂದಳು. "ಹೊಸಬರು ಕೈ ಇಟ್ಟೇ ನೋಡ್ಬೇಕು ಕಣೆ."